ಸ್ಪೀಕರ್ ಸ್ಟ್ಯಾಂಡ್: ಎತ್ತರ ಎಷ್ಟು, ತೂಕ ಎಷ್ಟು, ಕಾಲಡಿಗೆ ಏನು

ನಮ್ಮ ಮನೆಗಳ ಹಾಲ್‌ನಲ್ಲಿ ಸ್ಪೀಕರ್‌ಗೆ ಸಿಗುವ ಜಾಗ ಸಾಮಾನ್ಯವಾಗಿ ಟಿವಿ ಶೋಕೇಸಿನ ಒಂದು ಖಾನೆ, ಇಲ್ಲವೇ ಶೋಕೇಸಿನ ನೆತ್ತಿ. ಅಲ್ಲಿಟ್ಟು ಕೇಳಿ, ಬೇಸ್ ಗುಂಯ್ ಅನ್ನುತ್ತದೆ, ಹಾಡುವವರ ದನಿ ಡಬ್ಬದೊಳಗಿಂದ ಬಂದ ಹಾಗಿದೆ ಎಂದು ಆಂಪ್ಲಿಫೈಯರ್ ಬದಲಿಸುವವರು, ಕೇಬಲ್ ಬದಲಿಸುವವರು ಬಹಳ ಮಂದಿ. ಅದಕ್ಕೂ ಮೊದಲು ಬದಲಿಸಬೇಕಾದದ್ದು ಸ್ಪೀಕರ್ ಕೂತ ಜಾಗವನ್ನು. ಸ್ಟ್ಯಾಂಡಿನ ಮೊದಲ ಕೆಲಸ ಸ್ಪೀಕರನ್ನು ಕಿವಿಯ ಎತ್ತರಕ್ಕೆ ತರುವುದು, ಎರಡನೆಯದು ಗೋಡೆಯಿಂದ ಬೇಕಾದಷ್ಟು ದೂರದಲ್ಲಿ ನಿಲ್ಲಿಸುವುದು, ಮೂರನೆಯದು ಅಲುಗದಂತೆ ಹಿಡಿಯುವುದು. ಮೊಳೆಗಾಲು, ಕಂಪನ ತಡೆಯುವ ಪ್ಯಾಡ್, ಕಬ್ಬಿಣವೋ ಮರವೋ ಎಂಬ ಚರ್ಚೆ ಎಲ್ಲವೂ ಆಮೇಲಿನ ಮಾತು. ಈ ಕ್ರಮ ಹಿಂದುಮುಂದಾದರೆ ದುಡ್ಡು ಖರ್ಚಾಗುತ್ತದೆ, ಧ್ವನಿ ಮಾತ್ರ ಇದ್ದ ಹಾಗೆಯೇ ಇರುತ್ತದೆ.

'ಬುಕ್‌ಶೆಲ್ಫ್ ಸ್ಪೀಕರ್' ಎಂಬ ಹೆಸರೇ ಜನರ ದಾರಿ ತಪ್ಪಿಸಿದೆ. 1954ರಲ್ಲಿ ಅಮೆರಿಕದ ಅಕೌಸ್ಟಿಕ್ ರಿಸರ್ಚ್ ಕಂಪನಿ ಎಡ್ಗರ್ ವಿಲ್ಚರ್ ವಿನ್ಯಾಸದ ಎಆರ್-1 ಸ್ಪೀಕರನ್ನು ಹೊರತಂದಾಗ, ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಇಲ್ಲದೆ ಬೇಸ್ ಬಾರದು ಎಂಬ ನಂಬಿಕೆ ಮುರಿಯಿತು. ಆ ಪೆಟ್ಟಿಗೆ ಎಲ್ಲ ಕಡೆಯೂ ಮುಚ್ಚಿದ್ದು. ಕಪಾಟಿನಲ್ಲಿಟ್ಟರೂ ಅದಕ್ಕೆ ಉಸಿರು ಕಟ್ಟುವ ಪ್ರಶ್ನೆ ಇರಲಿಲ್ಲ. ಇವತ್ತು ಅದೇ ಹೆಸರಿನಲ್ಲಿ ಸಿಗುವ ಸ್ಪೀಕರ್‌ಗಳಲ್ಲಿ ಬಹಳಷ್ಟಕ್ಕೆ ಬೆನ್ನಿನಲ್ಲಿ ಪೋರ್ಟ್ ಎಂಬ ತೂತು ಇರುತ್ತದೆ. ಬೇಸಿನ ಒಂದು ಪಾಲು ಆ ತೂತಿನಿಂದಲೇ ಹೊರಬರಬೇಕು. ಅದನ್ನು ಶೋಕೇಸಿನ ಖಾನೆಯೊಳಗೆ ತುರುಕಿದರೆ ಖಾನೆಯೂ ಸ್ಪೀಕರಿನ ಭಾಗವಾಗಿ ಮೊಳಗುತ್ತದೆ, ಪಕ್ಕದ ಗಾಜಿನ ಬಾಗಿಲು ತಾಳ ಹಾಕುತ್ತದೆ.

ಎತ್ತರ

ದಿನಾ ಕೂತು ಕೇಳುವ ಕುರ್ಚಿಯಲ್ಲೋ ದಿವಾನದ ಮೇಲೋ ಕೂತುಕೊಳ್ಳಿ. ಬೆನ್ನು ನೆಟ್ಟಗೆ ಮಾಡಿಕೊಂಡು ಅಲ್ಲ, ನಿಜವಾಗಿ ಹೇಗೆ ಒರಗುತ್ತೀರೋ ಹಾಗೆ. ಇನ್ನೊಬ್ಬರ ಕೈಲಿ ಟೇಪು ಕೊಟ್ಟು ನೆಲದಿಂದ ಕಿವಿತೂತಿನ ತನಕ ಅಳೆಸಿ. ಸೋಫಾದಲ್ಲಿ ಇದು ಸಾಮಾನ್ಯವಾಗಿ 90ರಿಂದ 105 ಸೆಂ.ಮೀ. ಆಗುತ್ತದೆ. ಚಾಪೆ ಹಾಸಿ ನೆಲದಲ್ಲಿ ಕೂರುವ ಅಭ್ಯಾಸವಿದ್ದರೆ 70ರ ಆಸುಪಾಸು. ನಂತರ ಸ್ಪೀಕರಿನ ತಳದಿಂದ ಟ್ವೀಟರಿನ (ಎತ್ತರದ ಸ್ವರ ನುಡಿಸುವ ಚಿಕ್ಕ ಡ್ರೈವರಿನ) ನಡುವಿನ ತನಕ ಅಳೆಯಿರಿ. ಮೊದಲ ಅಳತೆಯಲ್ಲಿ ಎರಡನೆಯದನ್ನು ಕಳೆದರೆ ಸ್ಟ್ಯಾಂಡಿನ ಒಟ್ಟು ಎತ್ತರ ಸಿಕ್ಕಿತು. ಕಿವಿ 95 ಸೆಂ.ಮೀ., ಟ್ವೀಟರ್ ತಳದಿಂದ 26 ಸೆಂ.ಮೀ. ಅಂದುಕೊಂಡರೆ ಸ್ಟ್ಯಾಂಡ್ 69 ಸೆಂ.ಮೀ. ಈ ಬರಹದ ಉದ್ದಕ್ಕೂ ಇದೇ ಉದಾಹರಣೆಯನ್ನು ಹಿಡಿದು ಹೋಗೋಣ. ಅಂಗಡಿಯಲ್ಲಿ ಸಿಗುವ ಸಿದ್ಧ ಸ್ಟ್ಯಾಂಡುಗಳಲ್ಲಿ 24 ಇಂಚು, ಅಂದರೆ 61 ಸೆಂ.ಮೀ. ಎತ್ತರದವು ಬಹಳ ಸಾಮಾನ್ಯ. ಅವು ನಿಮ್ಮ ಸೋಫಾಕ್ಕೆ ಹೊಂದುತ್ತವೆಯೇ ಎಂದು ಅಳೆದು ನೋಡದೆ ತರಬೇಡಿ.

ಟ್ವೀಟರ್ ಕಿವಿಯ ಮಟ್ಟಕ್ಕೇ ಏಕೆ ಬೇಕು? ಎರಡು ಡ್ರೈವರುಗಳ ಸ್ಪೀಕರಿನಲ್ಲಿ ಸುಮಾರು 2500 ಹರ್ಟ್ಜ್‌ನ ಹತ್ತಿರ ವೂಫರ್ (ಬೇಸ್ ನುಡಿಸುವ ದೊಡ್ಡ ಡ್ರೈವರ್) ಮತ್ತು ಟ್ವೀಟರ್ ಎರಡೂ ಒಂದೇ ಸ್ವರವನ್ನು ಹಂಚಿಕೊಂಡು ನುಡಿಸುತ್ತವೆ. ಆ ಸ್ವರದ ತರಂಗದ ಉದ್ದ 13.8 ಸೆಂ.ಮೀ. ಎರಡರ ನಡುವೆ ಅಂತರ 16 ಸೆಂ.ಮೀ. ಇದ್ದರೆ, ಕಿವಿ ನೇರ ಎದುರಿಗಿರುವಾಗ ಎರಡೂ ತರಂಗಗಳು ಹೆಚ್ಚು ಕಡಿಮೆ ಒಟ್ಟಿಗೆ ತಲುಪಿ ಕೂಡಿಕೊಳ್ಳುತ್ತವೆ. ಕಿವಿ ಮೇಲಕ್ಕೋ ಕೆಳಕ್ಕೋ ಸರಿದಂತೆ ಒಂದರ ದಾರಿ ಉದ್ದವಾಗುತ್ತದೆ. ಸುಮಾರು 25 ಡಿಗ್ರಿ ವಾಲುವಷ್ಟರಲ್ಲಿ ದಾರಿಯ ವ್ಯತ್ಯಾಸ 6.9 ಸೆಂ.ಮೀ., ಅಂದರೆ ಅರ್ಧ ತರಂಗ. ಆಗ ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ, ಆ ಸ್ವರ ಬಹುತೇಕ ಅಳಿಸಿ ಹೋಗುತ್ತದೆ. 180 ಸೆಂ.ಮೀ. ಎತ್ತರದ ಶೋಕೇಸಿನ ನೆತ್ತಿಯ ಮೇಲಿಟ್ಟು ಎರಡೂವರೆ ಮೀಟರ್ ದೂರದಲ್ಲಿ ಕೂತರೆ ಕೋನ 24 ಡಿಗ್ರಿ ಆಗುತ್ತದೆ. ಹೆಚ್ಚುಕಮ್ಮಿ ಕರಾರುವಾಕ್ಕಾಗಿ ಕೆಟ್ಟ ಜಾಗ ಅದು! ಸಾಹಿತ್ಯದ ವ್ಯಂಜನಗಳು, ವೀಣೆಯ ಮೀಟಿನ ಮೊನೆ, ಮೃದಂಗದ ಚಾಪಿನ ಚುರುಕು ಇರುವುದೆಲ್ಲ ಇದೇ ಪ್ರದೇಶದಲ್ಲಿ.

ಓದುವ ಮೇಜಿನ ಮೇಲಿಟ್ಟ ಸ್ಪೀಕರಿನ ಕಥೆಯೂ ಇಷ್ಟೇ. ಕೇಳುವ ದೂರ ಒಂದು ಮೀಟರ್ ಇದ್ದಾಗ ಟ್ವೀಟರ್ ಕಿವಿಗಿಂತ 25 ಸೆಂ.ಮೀ. ಕೆಳಗಿದ್ದರೆ ಕೋನ 14 ಡಿಗ್ರಿ, ಅದೇ ಸ್ವರದಲ್ಲಿ ನಷ್ಟ ಸುಮಾರು 4 ಡೆಸಿಬಲ್. ದೂರ ಹೆಚ್ಚಿದಷ್ಟೂ ಎತ್ತರದ ತಪ್ಪಿಗೆ ಕ್ಷಮೆ ಹೆಚ್ಚು. ಎರಡೂವರೆ ಮೀಟರಿನಲ್ಲಿ ಐದು ಸೆಂ.ಮೀ. ಆಚೀಚೆ ಆದರೆ ಕೋನ ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚಷ್ಟೆ, ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆದರೆ ಎಡ ಮತ್ತು ಬಲ ಸ್ಪೀಕರುಗಳ ಎತ್ತರ ಒಂದಕ್ಕೊಂದು ಅರ್ಧ ಸೆಂ.ಮೀ. ಒಳಗೆ ಹೊಂದಿರಲಿ.

ಇರುವ ಸ್ಟ್ಯಾಂಡ್ ಗಿಡ್ಡ ಅನಿಸಿದರೆ ಸ್ಪೀಕರನ್ನು ಹಿಂದಕ್ಕೆ ವಾಲಿಸಿ ಕಿವಿಗೆ ಗುರಿ ಹಿಡಿಯಬಹುದು. ಲೆಕ್ಕ ಸುಲಭ: ಎತ್ತರದಲ್ಲಿ ಎಷ್ಟು ಕೊರತೆಯೋ ಅದನ್ನು ಕೇಳುವ ದೂರದಿಂದ ಭಾಗಿಸಿ, ಪೆಟ್ಟಿಗೆಯ ಆಳದಿಂದ ಗುಣಿಸಿ. 10 ಸೆಂ.ಮೀ. ಕೊರತೆ, 250 ಸೆಂ.ಮೀ. ದೂರ, 28 ಸೆಂ.ಮೀ. ಆಳ ಇದ್ದರೆ ಮುಂಭಾಗವನ್ನು 1.1 ಸೆಂ.ಮೀ. ಎತ್ತಬೇಕು. ಪೂರ್ತಿ ಅಗಲಕ್ಕೆ ಬರುವ ಒಂದೇ ಮರದ ಪಟ್ಟಿ ಇಡಿ. ಎರಡು ಮೂಲೆಗೆ ಎರಡು ಚೂರು ಇಟ್ಟರೆ ಪೆಟ್ಟಿಗೆ ಓಲಾಡುತ್ತದೆ.

ನೆಲದಿಂದ ಪುಟಿಯುವ ಧ್ವನಿಯ ಬಗ್ಗೆ ಒಂದು ಮಾತು ಹೇಳಿಬಿಡಬೇಕು, ಏಕೆಂದರೆ ನಮ್ಮಲ್ಲಿ ನೆಲ ಗ್ರಾನೈಟು ಇಲ್ಲವೇ ವಿಟ್ರಿಫೈಡ್ ಟೈಲು, ಎರಡೂ ಕನ್ನಡಿ ಇದ್ದ ಹಾಗೆ. ವೂಫರಿನ ನಡು 79 ಸೆಂ.ಮೀ. ಎತ್ತರದಲ್ಲಿದ್ದು ಎರಡೂವರೆ ಮೀಟರ್ ದೂರದಲ್ಲಿ ಕೇಳಿದರೆ, ನೆಲಕ್ಕೆ ಬಡಿದು ಬರುವ ಧ್ವನಿ ನೇರ ಧ್ವನಿಗಿಂತ 54 ಸೆಂ.ಮೀ. ಹೆಚ್ಚು ದಾರಿ ಸವೆಸುತ್ತದೆ. ಅದರಿಂದ ಸುಮಾರು 320 ಹರ್ಟ್ಜ್‌ನಲ್ಲಿ ಒಂದು ತಗ್ಗು ಬೀಳುತ್ತದೆ. ಸ್ಟ್ಯಾಂಡನ್ನು 24 ಸೆಂ.ಮೀ. ತಗ್ಗಿಸಿದರೆ ಆ ತಗ್ಗು 450 ಹರ್ಟ್ಜ್‌ಗೆ ಜರುಗುತ್ತದೆ, ಮಾಯವಾಗುವುದಿಲ್ಲ. ಜಮಖಾನೆ ಹಾಸಿದರೆ ಹೋಗುತ್ತದೆಂದು ಹಲವರು ನಂಬಿದ್ದಾರೆ. ತೆಳು ಜಮಖಾನೆ ಎತ್ತರದ ಸ್ವರಗಳನ್ನು ಹೀರುತ್ತದೆ, 320 ಹರ್ಟ್ಜ್‌ನ ಒಂದು ಮೀಟರಿಗೂ ಉದ್ದದ ತರಂಗಕ್ಕೆ ಅದು ಇದ್ದೂ ಇಲ್ಲದಂತೆ. ಟ್ವೀಟರಿನ ಚುಚ್ಚುವ ಪ್ರತಿಧ್ವನಿ ತಗ್ಗಲು ಜಮಖಾನೆ ಹಾಸಿ, ಅದಕ್ಕಿಂತ ಹೆಚ್ಚನ್ನು ಅದರಿಂದ ಬಯಸಬೇಡಿ.

ಗೋಡೆಯಿಂದ ದೂರ

ಸ್ಟ್ಯಾಂಡಿನಿಂದ ಸಿಗುವ ದೊಡ್ಡ ಲಾಭ ಇಲ್ಲಿದೆ. ಸ್ಪೀಕರಿನ ಬೇಸ್ ಮುಂದಕ್ಕೆ ಮಾತ್ರ ಹೋಗುವುದಿಲ್ಲ, ಸುತ್ತಲೂ ಹರಡುತ್ತದೆ. ಹಿಂದಿನ ಗೋಡೆಗೆ ಬಡಿದು ಬಂದದ್ದು ಮುಂದಿನ ಧ್ವನಿಯ ಜೊತೆ ಕೂಡಿಕೊಂಡಾಗ, ಕೋನಿನಿಂದ (ವೂಫರಿನ ಅಲುಗುವ ಲಾಳಿಕೆಯಂಥ ಹಾಳೆಯಿಂದ) ಗೋಡೆಗಿರುವ ದೂರ ಯಾವ ಸ್ವರದ ಕಾಲು ತರಂಗಕ್ಕೆ ಸಮವೋ ಆ ಸ್ವರ ಕಳೆದುಹೋಗುತ್ತದೆ. ಸೆಂ.ಮೀ. ಲೆಕ್ಕದಲ್ಲಿ 8625ನ್ನು ದೂರದಿಂದ ಭಾಗಿಸಿದರೆ ಆ ಸ್ವರದ ಹರ್ಟ್ಜ್ ಸಿಗುತ್ತದೆ. 35 ಸೆಂ.ಮೀ. ಆದರೆ 246, 59 ಸೆಂ.ಮೀ. ಆದರೆ 146, ಒಂದು ಮೀಟರ್ ಆದರೆ 86. ಅಳೆಯಬೇಕಾದದ್ದು ಪೆಟ್ಟಿಗೆಯ ಬೆನ್ನಿನಿಂದಲ್ಲ, ಕೋನ್ ಇರುವ ಮುಖದಿಂದ. 

ಹಾರ್ಮೋನಿಯಂನ ಬಿಳಿ ಎರಡರಲ್ಲಿ (ಎರಡನೆಯ ಬಿಳಿ ಮನೆಯ ಶ್ರುತಿಯಲ್ಲಿ) ಹಾಡುವ ಗಾಯಕರ ಮಧ್ಯ ಷಡ್ಜ 147 ಹರ್ಟ್ಜ್. ಅಂದರೆ 59 ಸೆಂ.ಮೀ. ದೂರದಲ್ಲಿ ನಿಂತ ಸ್ಪೀಕರ್, ಕಚೇರಿ ಪೂರ್ತಿ ಆಧಾರವಾಗಿ ನಿಂತ ಸ್ವರದ ಬುಡವನ್ನೇ ಕೊರೆಯುತ್ತಿರಬಹುದು. ಅದರ ಮೇಲಿನ ಅನುಸ್ವರಗಳು (ಓವರ್‌ಟೋನ್) ಕೇಳುವುದರಿಂದ ಷಡ್ಜ ಇದೆ ಎಂದು ಕಿವಿ ಊಹಿಸಿಕೊಳ್ಳುತ್ತದೆ, ದನಿಗೆ ಎದೆಯ ತುಂಬು ಮಾತ್ರ ಇರುವುದಿಲ್ಲ. ಸ್ಟ್ಯಾಂಡನ್ನು 30 ಸೆಂ.ಮೀ. ಮುಂದೆ ಎಳೆದರೆ ಅದೇ ಧ್ವನಿಮುದ್ರಣದಲ್ಲಿ ಅದೇ ಗಾಯಕರು ಮೈತುಂಬಿ ಹಾಡುತ್ತಾರೆ. ಶೋಕೇಸಿನಲ್ಲಿ ಸಿಕ್ಕಿಕೊಂಡ ಸ್ಪೀಕರಿಗೆ ಈ ಅವಕಾಶವೇ ಇಲ್ಲ.

ನೆಲ, ಹಿಂದಿನ ಗೋಡೆ, ಪಕ್ಕದ ಗೋಡೆ ಮೂರಕ್ಕೂ ವೂಫರಿನಿಂದ ಒಂದೇ ದೂರ ಇರದಂತೆ ನೋಡಿಕೊಳ್ಳಿ. ಮೂರೂ 79 ಸೆಂ.ಮೀ. ಆದರೆ ಕೋಣೆಗೆಲ್ಲ ಹರಡುವ ಒಟ್ಟು ಬೇಸಿನಲ್ಲಿ ಮೂರರ ತಗ್ಗೂ ಒಂದೇ ಸ್ವರದ ಸುತ್ತ ಒಂದರ ಮೇಲೊಂದು ಬಿದ್ದು ಹಳ್ಳವಾಗುತ್ತದೆ. ಕೋಣೆಯ ಗೋಡೆಗಳು ಸ್ಪೀಕರಿನ ಬೇಸನ್ನು ಹೀಗೆ ಹೇಗೆ ಬದಲಿಸುತ್ತವೆಂದು ಅಮೆರಿಕದ ರಾಯ್ ಆಲಿಸನ್ 1974ರಲ್ಲಿ ಲೆಕ್ಕಹಾಕಿ ತೋರಿಸಿದರು. ಮನೆಯಲ್ಲಿ ಪಾಲಿಸಲು ಅದರ ಸಾರ ಇಷ್ಟೇ: ನೆಲಕ್ಕೆ 79 ಇದ್ದರೆ ಹಿಂದಕ್ಕೆ 55, ಪಕ್ಕಕ್ಕೆ 105 ಎಂಬಂತೆ ಮೂರೂ ಬೇರೆ ಬೇರೆ ಇರಲಿ.

ಗೋಡೆ ಬಿಟ್ಟು ಬಂದಾಗ ಬೇಸ್ ತೆಳುವಾಯಿತು ಎಂದು ಗಾಬರಿಯಾಗುವವರಿದ್ದಾರೆ. ಒಂದು ಗೋಡೆಗೆ ಒತ್ತಿ ನಿಂತ ಸ್ಪೀಕರಿಗೆ ಆಳದ ಬೇಸಿನಲ್ಲಿ 6 ಡೆಸಿಬಲ್ ತನಕ ಪುಕ್ಕಟೆ ಬಲ ಸಿಗುತ್ತದೆ, ಮೂಲೆಯಲ್ಲಿ ಇನ್ನೂ ಹೆಚ್ಚು. ನೀವು ಇಷ್ಟು ದಿನ ಬೇಸ್ ಅಂದುಕೊಂಡದ್ದರಲ್ಲಿ ಗೋಡೆಯ ಪಾಲೂ ಇತ್ತು. ಎರಡು ದಿನ ಹಾಗೆಯೇ ಕೇಳಿ. ಆಮೇಲೂ ಬಡಕಲು ಅನಿಸಿದರೆ ಹತ್ತು ಹತ್ತು ಸೆಂ.ಮೀ. ಹಿಂದಕ್ಕೆ ಸರಿಸುತ್ತ ಬನ್ನಿ. ಮೃದಂಗದ ತೊಪ್ಪಿಯ ಗುಮ್ಕಿ ದುಂಡಗೆ ಕೇಳಿ, ಒಂದು ಪೆಟ್ಟು ಮುಗಿದು ಇನ್ನೊಂದು ಬೇರೆಯಾಗಿ ಕಿವಿಗೆ ಬೀಳುವ ಜಾಗದಲ್ಲಿ ನಿಲ್ಲಿಸಿ. ಪೆಟ್ಟುಗಳು ಒಂದರೊಳಗೊಂದು ಕಲಸಿಕೊಂಡರೆ ಹಿಂದೆ ಹೋದದ್ದು ಜಾಸ್ತಿಯಾಯಿತು.

ಸ್ಟ್ಯಾಂಡ್ ಮಾಡಿಸುವ ಮೊದಲೇ ಇದನ್ನೆಲ್ಲ ಪರೀಕ್ಷಿಸಬಹುದು. ಎಂಟು ಇಂಚಿನ ಸಾಲಿಡ್ ಸಿಮೆಂಟ್ ಬ್ಲಾಕ್ ಮೂರನ್ನು ಮಲಗಿಸಿ ಪೇರಿಸಿದರೆ 60 ಸೆಂ.ಮೀ. ಆಗುತ್ತದೆ, ಮೇಲೆ ಹಳೆಯ ಪತ್ರಿಕೆಗಳ ಕಟ್ಟು ಇಟ್ಟು ಬೇಕಾದ ಎತ್ತರ ಮಾಡಿಕೊಳ್ಳಿ. ಒಂದೊಂದು ಬ್ಲಾಕು 30 ಕೆ.ಜಿ. ಮುಟ್ಟುತ್ತದೆ. ಇಬ್ಬರು ಸೇರಿ ಎತ್ತಿ, ಟೈಲಿನ ಮೇಲೆ ಗೋಣಿ ಹಾಸಿ. ಬ್ಲಾಕು ಸಿಗದಿದ್ದರೆ ಗಟ್ಟಿ ಮರದ ಸ್ಟೂಲ್ ಸಾಕು. ಒಂದು ವಾರ ಕೇಳಿ, ಕೊನೆಗೆ ಒಪ್ಪಿಗೆಯಾದ ಜಾಗಕ್ಕೆ ನೆಲದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ. ಆಮೇಲೆ ವೆಲ್ಡಿಂಗ್ ಅಂಗಡಿಗೆ ಹೋಗಿ.

ಮಾಡಿಸುವುದು

ಬೀದಿ ಬದಿಯ ಗ್ರಿಲ್ ಕೆಲಸದವರು ಒಂದು ಮಧ್ಯಾಹ್ನದಲ್ಲಿ ಮಾಡಿಕೊಡುವ ಕೆಲಸ ಇದು, ಅಳತೆ ಮಾತ್ರ ನೀವು ಬರೆದುಕೊಡಬೇಕು. ಸುಮಾರು 20 ಸೆಂ.ಮೀ. ಅಗಲ, 28 ಸೆಂ.ಮೀ. ಆಳ, 7 ಕೆ.ಜಿ. ತೂಕದ ಸ್ಪೀಕರ್ ಜೋಡಿಗೆ ಬೇಕಾದ ಸಾಮಾನು:

ಎಂ.ಎಸ್. (ಸಾದಾ ಉಕ್ಕಿನ) ಸ್ಕ್ವೇರ್ ಪೈಪ್ 75×75 ಮಿ.ಮೀ., 2 ಮಿ.ಮೀ. ದಪ್ಪ, 66.5 ಸೆಂ.ಮೀ. ಉದ್ದದ 2 ತುಂಡು
ತಳದ ಪ್ಲೇಟ್ 350×400 ಮಿ.ಮೀ., 6 ಮಿ.ಮೀ. ದಪ್ಪ, 2
ಮೇಲಿನ ಪ್ಲೇಟ್ 180×240 ಮಿ.ಮೀ., 4 ಮಿ.ಮೀ. ದಪ್ಪ, ನಡುವೆ 25 ಮಿ.ಮೀ. ತೂತು, 2
ಎಂ8 (8 ಮಿ.ಮೀ.) ನಟ್ 16, ಎಂ8 ಲೆವೆಲಿಂಗ್ ಕಾಲು (ತಿರುಗಿಸಿ ಎತ್ತರ ಹೊಂದಿಸುವ ಕಾಲು) 8
ಒಣಗಿದ ಮರಳು 11ರಿಂದ 12 ಕೆ.ಜಿ.
ರೆಡ್ ಆಕ್ಸೈಡ್ ಪ್ರೈಮರ್, ಎನಾಮೆಲ್ ಪೇಂಟ್, ಸಿಲಿಕೋನ್ ಸೀಲಂಟ್

ಪೈಪಿನ 66.5 ಸೆಂ.ಮೀ. ಬಂದದ್ದು ಹೀಗೆ: ಒಟ್ಟು 69ರಲ್ಲಿ ತಳದ ಪ್ಲೇಟಿನ 0.6, ಮೇಲಿನ ಪ್ಲೇಟಿನ 0.4, ಕಾಲುಗಳ 1.5 ಕಳೆದದ್ದು. ಕಾಲಿನ ಎತ್ತರ ಮರೆತು ಪೈಪ್ ಕತ್ತರಿಸುವುದು ಎಲ್ಲರೂ ಮಾಡುವ ತಪ್ಪು. ಜಿ.ಐ. ಪೈಪ್ ಬೇಡ. ಅದರ ಮೇಲಿನ ಸತುವಿನ ಲೇಪ ವೆಲ್ಡಿಂಗ್ ಬಿಸಿಗೆ ಸುಟ್ಟು ಏಳುವ ಹೊಗೆ ಉಸಿರಾಡಿದವರಿಗೆ ಚಳಿಜ್ವರ ತರಿಸುತ್ತದೆ.

ಮೇಲಿನ ಪ್ಲೇಟ್ ಸ್ಪೀಕರಿನ ತಳಕ್ಕಿಂತ ಎಲ್ಲ ಕಡೆ ಒಂದೆರಡು ಸೆಂ.ಮೀ. ಒಳಗೇ ಇರಲಿ. ಹೊರಗೆ ಚಾಚಿದ ಅಂಚು ಪುಟ್ಟ ಮೇಜಿನಂತೆ ಧ್ವನಿಯನ್ನು ಪ್ರತಿಫಲಿಸುತ್ತದೆ, ಬಟ್ಟೆಗೂ ಸಿಕ್ಕಿಕೊಳ್ಳುತ್ತದೆ. ತಳದ ಪ್ಲೇಟಿಗೆ ಮಾತ್ರ ಕಂಜೂಸುತನ ಬೇಡ. 35 ಸೆಂ.ಮೀ. ಅಗಲದ ತಳ, ಮೂಲೆಯಿಂದ 2 ಸೆಂ.ಮೀ. ಒಳಗೆ ಕಾಲು ಇದ್ದರೆ, ಸ್ಪೀಕರ್ ಸಮೇತ ಸ್ಟ್ಯಾಂಡ್ ಪಕ್ಕಕ್ಕೆ ಸುಮಾರು 20 ಡಿಗ್ರಿ ವಾಲುವ ತನಕ ಉರುಳುವುದಿಲ್ಲ. ಅದೇ 30 ಸೆಂ.ಮೀ. ಮಾಡಿದರೆ 17 ಡಿಗ್ರಿಗೇ ಉರುಳುತ್ತದೆ. ಮರಳು ತುಂಬಿದರೆ ಭದ್ರ ಎಂಬ ಮಾತಿದೆ. ಲೆಕ್ಕ ಹಾಕಿದರೆ ಮರಳಿನಿಂದ ಈ ಕೋನ ಒಂದು ಡಿಗ್ರಿಯೂ ಹೆಚ್ಚುವುದಿಲ್ಲ, ತಳ್ಳಲು ಬೇಕಾದ ಬಲ ಹೆಚ್ಚುತ್ತದೆ ಅಷ್ಟೆ. ಆ ಬಲವೂ ಸ್ಪೀಕರಿನ ನೆತ್ತಿಯ ಹತ್ತಿರ ಮೂರೂವರೆ ಕೆ.ಜಿ. ಮಾತ್ರ. ಅಂಬೆಗಾಲಿಕ್ಕಿ ಹಿಡಿದು ನಿಲ್ಲುವ ಮಗುವಿಗೆ ಅಷ್ಟು ಸಾಧ್ಯ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಪೈಪಿನ ಮೇಲ್ತುದಿಗೆ ಒಂದು ಕೊಂಡಿ ಬೆಸೆಸಿ, ಹಿಂದಿನ ಗೋಡೆಯ ಹುಕ್ಕಿಗೆ ನೈಲಾನ್ ಪಟ್ಟಿಯಿಂದ ಕಟ್ಟಿ. ಇದನ್ನು ಮುಂದೂಡಬೇಡಿ.

ವೆಲ್ಡಿಂಗ್‌ನವರಿಗೆ ಹೇಳಬೇಕಾದ ಮುಖ್ಯ ಮಾತು: ಪೈಪಿನ ಸುತ್ತ ಒಂದೇ ಸಮನೆ ಬೆಸೆಯಬೇಡಿ. ಹಾಗೆ ಬೆಸೆದರೆ ತಳದ ಪ್ಲೇಟ್ ಬಿಸಿಗೆ ಎಳೆದುಕೊಂಡು ತಟ್ಟೆಯಂತೆ ಬಾಗುತ್ತದೆ. ಮೊದಲು ನಾಲ್ಕು ಕಡೆ ಚುಕ್ಕಿ ಇಟ್ಟು, ಮೂಲೆಮಟ್ಟ ಹಿಡಿದು ಪೈಪ್ ನೇರ ಇದೆಯೇ ನೋಡಿ, ಆಮೇಲೆ ಎದುರುಬದುರು ಬದಿಗಳಲ್ಲಿ 25 ಮಿ.ಮೀ. ಉದ್ದದ ತುಂಡು ತುಂಡು ಬೆಸುಗೆ ಹಾಕಬೇಕು. ಎಂ8 ನಟ್ಟುಗಳನ್ನು ತಳದ ಮೂಲೆಗಳ ತೂತಿನ ಮೇಲೆ ಬೆಸೆಯುವಾಗ ಒಳಗೆ ಬೋಲ್ಟ್ ಹಾಕಿಟ್ಟಿರಬೇಕು, ಇಲ್ಲದಿದ್ದರೆ ಕಿಡಿ ಸಿಡಿದು ನಟ್ಟಿನೊಳಗಿನ ಥ್ರೆಡ್ ಕೆಡುತ್ತದೆ. ಉಳಿದ ಎಂಟು ನಟ್ಟು ಕಾಲನ್ನು ಬಿಗಿಹಿಡಿಯುವ ಲಾಕ್ ನಟ್ಟುಗಳು. ತುಂಡು ಬೆಸುಗೆಯ ನಡುವಿನ ಸಂದುಗಳಿಂದ ಮರಳು ಸೋರದಂತೆ ಪೇಂಟ್ ಒಣಗಿದ ಮೇಲೆ ಸಿಲಿಕೋನ್ ಎಳೆಯಿರಿ. ಮಂಗಳೂರು, ಉಡುಪಿ, ಕಾರವಾರದ ಕಡೆ ಉಪ್ಪುಗಾಳಿ ಇರುವಲ್ಲಿ ಎನಾಮೆಲ್‌ಗಿಂತ ಪೌಡರ್ ಕೋಟಿಂಗ್ ಬಾಳಿಕೆ ಬರುತ್ತದೆ, ಆದರೆ ಅದನ್ನು ಮರಳು ತುಂಬುವ ಮೊದಲು, ಸಿಲಿಕೋನ್ ಹಚ್ಚುವ ಮೊದಲು ಮಾಡಿಸಬೇಕು.

ಮರದಲ್ಲೇ ಬೇಕು ಎನ್ನುವವರು 18 ಮಿ.ಮೀ. ಬಿ.ಡಬ್ಲ್ಯು.ಪಿ. (ನೀರು ತಡೆಯುವ) ಪ್ಲೈವುಡ್‌ನಲ್ಲಿ ಒಳಗೆ 10 ಸೆಂ.ಮೀ. ಚೌಕದ ಪೆಟ್ಟಿಗೆ ಕಂಬ ಮಾಡಿಸಿ, ತಳಕ್ಕೆ ಎರಡು ಪದರ ಅಂಟಿಸಿ. ಮರ ಕಬ್ಬಿಣದಂತೆ ನಾದ ಮಾಡುವುದಿಲ್ಲ. ಎಂ.ಡಿ.ಎಫ್. (ಮರದ ನಾರು ಒತ್ತಿ ಮಾಡಿದ ಹಲಗೆ) ಮಳೆಗಾಲದ ತೇವಕ್ಕೆ ಊದಿಕೊಂಡು ಸ್ಕ್ರೂ ಸಡಿಲಿಸುತ್ತದೆ, ಕರಾವಳಿ ಮಲೆನಾಡಿನಲ್ಲಿ ಬೇಡವೇ ಬೇಡ.

ಮರಳು ಏಕೆ ಎಂದರೆ, ಖಾಲಿ ಪೈಪಿಗೆ ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ. ಠಣ್ ಎಂದು ಒಂದು ಸ್ವರ ಎದ್ದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಹಾಡಿನಲ್ಲಿ ಆ ಸ್ವರ ಬಂದಾಗಲೆಲ್ಲ ಪೈಪೂ ಸಣ್ಣಗೆ ದನಿಗೂಡಿಸುತ್ತದೆ. ಮರಳಿನ ಕಣಗಳು ಒಂದಕ್ಕೊಂದು ಉಜ್ಜಿ ಆ ಕಂಪನವನ್ನು ಶಾಖವಾಗಿಸಿ ಮುಗಿಸುತ್ತವೆ. ತುಂಬಿದ ಮೇಲೆ ಕುಟ್ಟಿದರೆ ಧಪ್ ಎಂದು ಅಲ್ಲೇ ಸಾಯಬೇಕು.

ಎಂ-ಸ್ಯಾಂಡ್ ಆದೀತು, ಹೊಳೆಮರಳೂ ಆದೀತು, ಕಡಲ ಮರಳು ಬೇಡ, ಅದರ ಉಪ್ಪು ಒಳಗಿನಿಂದ ಪೈಪನ್ನು ತಿನ್ನುತ್ತದೆ. ಎಂ-ಸ್ಯಾಂಡಿನಲ್ಲಿ ಕಲ್ಲುಪುಡಿ ಜಾಸ್ತಿ, ಅದನ್ನು ತೊಳೆದು ಟಾರ್ಪಾಲಿನ ಮೇಲೆ ಒಂದಿಂಚಿಗಿಂತ ತೆಳುವಾಗಿ ಹರಡಿ ಎರಡು ಮೂರು ಬಿಸಿಲು ಕಾಯಿಸಿ, ಜರಡಿ ಹಿಡಿಯಿರಿ. ಒಣಗಿದೆಯೇ ಎಂದು ತಿಳಿಯಲು ಒಂದು ಹಿಡಿ ಮರಳನ್ನು ಗಾಜಿನ ಬಾಟಲಿಯಲ್ಲಿ ಹಾಕಿ ಮುಚ್ಚಳ ಬಿಗಿದು ಬಿಸಿಲಿಗಿಡಿ. ಗಾಜಿನ ಒಳಗೆ ಹನಿ ಕಟ್ಟಿದರೆ ಇನ್ನೂ ಹಸಿ. ಕೊಳವೆಯಂಥ ಉದ್ದ ಪಾಲಿಥಿನ್ ಚೀಲವನ್ನು ಪೈಪಿನೊಳಗೆ ಇಳಿಬಿಟ್ಟು ಅದರಲ್ಲಿ ತುಂಬಿದರೆ ತುಕ್ಕಿಗೂ ಸೋರಿಕೆಗೂ ಎರಡನೆಯ ತಡೆ ಆಗುತ್ತದೆ. ಒಂದೊಂದು ಸೇರಿನಷ್ಟು ಸುರಿದು, ಮರದ ಕೊಡತಿಯಿಂದ ಸುತ್ತ ತಟ್ಟಿ, ಮತ್ತೆ ಸುರಿಯಿರಿ. ಒಂದು ಕಂಬಕ್ಕೆ 5.4 ಕೆ.ಜಿ. ಹತ್ತಿರ ಹಿಡಿಯುತ್ತದೆ. ತುಂಬಿದ ಮೇಲೆ ಒಂದು ಸ್ಟ್ಯಾಂಡ್ 16 ಕೆ.ಜಿ.ಗೆ ಸ್ವಲ್ಪ ಮೇಲೆ ತೂಗಬೇಕು. ಸೀಸದ ಗುಂಡು ತುಂಬುವ ಸಲಹೆ ಹಲವು ಕಡೆ ಇದೆ. ಸೀಸ ವಿಷ, ಅದರ ಪುಡಿ ಮನೆಯೊಳಗೆ ಬೇಡ.

ಇದಕ್ಕಿಂತ ಭಾರ ಮಾಡಿ ಲಾಭವಿಲ್ಲ. ಆರೂವರೆ ಇಂಚಿನ ವೂಫರಿನ ಅಲುಗುವ ಭಾಗ ಸುಮಾರು 15 ಗ್ರಾಂ, ಪೆಟ್ಟಿಗೆ 7 ಕೆ.ಜಿ. ಕೋನ್ 5 ಮಿ.ಮೀ. ಮುಂದೆ ಹೋದರೆ ಪೆಟ್ಟಿಗೆ ಹಿಂದಕ್ಕೆ ಒದೆಸಿಕೊಳ್ಳುವುದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲು. ಸ್ಟ್ಯಾಂಡಿನ ತೂಕ ಸೇರಿದಾಗ ಅದರ ಮೂರರಲ್ಲೊಂದಕ್ಕೂ ಕಡಿಮೆ. ಸ್ಪೀಕರಿನ ಎರಡರಷ್ಟು ತೂಕದ ಸ್ಟ್ಯಾಂಡ್ ಸಾಕೇ ಸಾಕು. ಪೆಟ್ಟಿಗೆ ಪ್ಲೇಟಿನ ಮೇಲೆ ಓಲಾಡದಿರುವುದು, ಪ್ಲೇಟು ಅದಿರದಿರುವುದು ಇದಕ್ಕಿಂತ ಮುಖ್ಯ.

ಅದಕ್ಕೆ ಸ್ಪೀಕರಿನ ತಳದ ನಾಲ್ಕು ಮೂಲೆಗೆ ಬಟಾಣಿಗಾತ್ರದ ಬ್ಲೂ ಟ್ಯಾಕ್ (ಅಂಟುವ ಮೆತ್ತನೆ ಮಿದ್ದೆ) ಉಂಡೆ ಇಟ್ಟು ಮೇಲಿನಿಂದ ಅದುಮಿ. ಒತ್ತಿದ ಮೇಲೆ ಅದು ಒಂದೆರಡು ಮಿಲಿಮೀಟರ್ ದಪ್ಪಕ್ಕೆ ಬರಬೇಕು. ಇದರಷ್ಟು ಅಗ್ಗದ, ಇದರಷ್ಟು ಕೆಲಸಕ್ಕೆ ಬರುವ ವಸ್ತು ಇಡೀ ಪಟ್ಟಿಯಲ್ಲಿ ಮತ್ತೊಂದಿಲ್ಲ. ತೆಗೆಯುವಾಗ ಸ್ಪೀಕರನ್ನು ನೇರ ಮೇಲಕ್ಕೆ ಕೀಳಬೇಡಿ, ಮೆಲ್ಲಗೆ ತಿರುಚಿ. ಕಿತ್ತರೆ ಪೆಟ್ಟಿಗೆಯ ಮೇಲೆ ಅಂಟಿಸಿದ ತೆಳು ಮರದ ಹಾಳೆ ಏಳುತ್ತದೆ. ದಪ್ಪ ಸ್ಪಂಜು ಇಟ್ಟರೆ ಸ್ಪೀಕರ್ ತೊಟ್ಟಿಲಾಗುತ್ತದೆ.

ಕಾಲಡಿ

ಮೊಳೆಗಾಲಿನ ಬಗೆಗಿನ ಮಾತು ಹೆಚ್ಚಾಗಿ ಬಂದದ್ದು ಮರದ ನೆಲ ಇರುವ ದೇಶಗಳಿಂದ. ಅಲ್ಲಿ ಕಾರ್ಪೆಟ್ ದಾಟಿ ಕೆಳಗಿನ ಗಟ್ಟಿ ಹಲಗೆ ಮುಟ್ಟಲು ಮೊಳೆ ಬೇಕು. ನಮ್ಮ ಆರ್.ಸಿ.ಸಿ. ಮೇಲಿನ ಟೈಲಿಗೆ ಮೊಳೆಯಿಂದ ಸಿಗುವ ಲಾಭ ಒಂದೇ, ಓಲಾಡದೆ ನಿಲ್ಲುವುದು. ಅದನ್ನು ಚಪ್ಪಟೆ ಲೆವೆಲಿಂಗ್ ಕಾಲೂ ಕೊಡುತ್ತದೆ, ಟೈಲಿಗೆ ಗುಳಿ ಬೀಳುವುದಿಲ್ಲ. ಎಂ8 ಕಾಲು ಒಂದು ಸುತ್ತಿಗೆ 1.25 ಮಿ.ಮೀ. ಏರುತ್ತದೆ. ರಸಮಟ್ಟ ಇಟ್ಟು ಮೊದಲು ಮೂರು ಕಾಲಿನಲ್ಲಿ ಸಮ ಮಾಡಿ, ನಾಲ್ಕನೆಯದನ್ನು ನೆಲ ಮುಟ್ಟುವ ತನಕ ಇಳಿಸಿ, ಆಮೇಲೆ ಲಾಕ್ ನಟ್ ಬಿಗಿಯಿರಿ. ಲಾಕ್ ನಟ್ ಬಿಗಿಯದಿದ್ದರೆ ಅದೇ ಕಿರಿಕಿರಿ ಸದ್ದು ಮಾಡತೊಡಗುತ್ತದೆ.

ಫ್ಲಾಟಿನಲ್ಲಿ ಕೆಳಮನೆಯವರ ದೂರು ಇದ್ದರೆ, ಅಥವಾ ಮಲೆನಾಡಿನ ಹಳೆಮನೆಯ ಮರದ ಅಟ್ಟದ ಮೇಲೆ, ಅಮೆರಿಕದಲ್ಲಿರುವ ಕನ್ನಡಿಗರ ಮರದ ಚೌಕಟ್ಟಿನ ಮನೆಗಳಲ್ಲಿ, ವಿಷಯ ತಿರುವುಮುರುವಾಗುತ್ತದೆ. ಅಲ್ಲಿ ನೆಲವೇ ಡೋಲು. ಗಟ್ಟಿ ಕಾಲು ಕಂಪನವನ್ನು ನೆಲಕ್ಕೆ ಇಳಿಸುತ್ತದೆ, ಬೇಕಾದದ್ದು ಮೆತ್ತನೆ ಕಾಲು. ಎಷ್ಟು ಮೆತ್ತಗೆ ಎಂಬುದಕ್ಕೆ ಅಳತೆ ಇದೆ: ಸ್ಟ್ಯಾಂಡಿನ ಭಾರಕ್ಕೆ ಪ್ಯಾಡು ಎಷ್ಟು ಮಿ.ಮೀ. ತಗ್ಗುತ್ತದೋ ನೋಡಿ. ಅದರ ವರ್ಗಮೂಲದಿಂದ 16ನ್ನು ಭಾಗಿಸಿದರೆ ಆ ಜೋಡಿಯ ಸಹಜ ಕಂಪನದ ಹರ್ಟ್ಜ್ ಸಿಗುತ್ತದೆ. 1 ಮಿ.ಮೀ. ತಗ್ಗಿದರೆ 16, 4 ಮಿ.ಮೀ. ತಗ್ಗಿದರೆ 8. ರಬ್ಬರ್ ಅಲುಗುವಾಗ ಇನ್ನಷ್ಟು ಬಿಗಿಯಾಗುವುದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಸ್ವಲ್ಪ ಮೇಲೆ. ಈ ಸಂಖ್ಯೆಯ 1.4 ಪಟ್ಟಿಗಿಂತ ಮೇಲಿನ ಸ್ವರಗಳನ್ನಷ್ಟೇ ಪ್ಯಾಡು ತಡೆಯುತ್ತದೆ, ಅದರ ಆಸುಪಾಸಿನವನ್ನು ಹೆಚ್ಚಿಸಿಬಿಡುತ್ತದೆ. ಕಣ್ಣಿಗೆ ಕಾಣದಷ್ಟು, 0.1 ಮಿ.ಮೀ. ತಗ್ಗುವ ಗಟ್ಟಿ ರಬ್ಬರಿನ ಸಂಖ್ಯೆ 50, ಬೇಸಿನ ನಟ್ಟನಡುವೆ. ವಾಷಿಂಗ್ ಮೆಷಿನ್ನಿಗೆಂದು ಮಾಡಿದ ಪ್ಯಾಡು ಕಾಲಿಗೆ ಆರು ಕೆ.ಜಿ. ಬೀಳುವ ಸ್ಟ್ಯಾಂಡಿನ ಕೆಳಗೆ ತಗ್ಗದೆ ಕೂತು, ಉಪಕಾರದ ಬದಲು ಅಪಕಾರ ಮಾಡುವುದು ಹೀಗೆ. ಒಂದರಿಂದ ಎರಡು ಮಿ.ಮೀ. ತಗ್ಗುವ ಪ್ಯಾಡು ಹುಡುಕಿ. ನಾಲ್ಕಕ್ಕಿಂತ ಹೆಚ್ಚಾದರೆ ಸ್ಟ್ಯಾಂಡ್ ತೂಗಾಡುತ್ತದೆ. ಇಷ್ಟು ಮಾಡಿದರೂ ಗಾಳಿಯ ಮೂಲಕ ಗೋಡೆ, ಸೂರು ದಾಟುವ ಬೇಸ್ ನಿಲ್ಲುವುದಿಲ್ಲ. ರಾತ್ರಿ ಹತ್ತರ ಮೇಲೆ ವಾಲ್ಯೂಮ್ ತಗ್ಗಿಸುವುದಕ್ಕೆ ಬದಲಿ ಇಲ್ಲ.

ಬದಲಾವಣೆ ಆಯಿತೋ ಇಲ್ಲವೋ ಎಂದು ನೋಡಲು ಮೊಬೈಲಿನಲ್ಲಿ ಫೈಫಾಕ್ಸ್ ಎಂಬ ಉಚಿತ ಆಪ್ ಹಾಕಿ, ಮೊಬೈಲನ್ನು ತಳದ ಪ್ಲೇಟಿನ ಪಕ್ಕ ನೆಲದ ಮೇಲಿಟ್ಟು, ಒಂದೇ ವಾಲ್ಯೂಮಿನಲ್ಲಿ 50 ಹರ್ಟ್ಜ್ ಸ್ವರ ನುಡಿಸಿ ಕಂಪನ ಅಳೆಯಿರಿ. ಪ್ಯಾಡಿನ ಮೊದಲು, ಪ್ಯಾಡಿನ ನಂತರ. ಮೊಬೈಲಿನ ಸಂವೇದಕ ಆಳದ ಬೇಸಿಗೆ ಮಾತ್ರ ನಂಬಿಕೆಗೆ ಅರ್ಹ, ಮೇಲಿನ ಸ್ವರಗಳಿಗೆ ಅದರ ವೇಗ ಸಾಲದು.

ಸ್ಥಾಪಿಸಿದ ಮೇಲೆ ಏನೋ ಸರಿಯಿಲ್ಲ ಅನಿಸಿದಾಗ

ಮೊದಲು ಒಬ್ಬರೇ ಹಾಡಿರುವ, ದನಿ ನಡುವೆ ಇರುವ ಧ್ವನಿಮುದ್ರಣ ಹಾಕಿ. ದನಿ ಎರಡು ಸ್ಪೀಕರುಗಳ ನಡುವೆ, ಗಾಳಿಯಲ್ಲಿ ನಿಲ್ಲಬೇಕು. ಕೆಳಗಿನಿಂದ ಬಂದಂತಿದ್ದರೆ ಸ್ಟ್ಯಾಂಡ್ ಗಿಡ್ಡ. ಒಂದು ಕಡೆ ಎಳೆದರೆ ಕುರ್ಚಿಯಿಂದ ಎರಡೂ ಟ್ವೀಟರುಗಳಿಗೆ ದಾರ ಹಿಡಿದು ಅಳೆಯಿರಿ, ಎರಡು ಸೆಂ.ಮೀ. ವ್ಯತ್ಯಾಸವೂ ದನಿಯನ್ನು ಎಳೆಯುತ್ತದೆ. ದಾರ ಸರಿಯಿದ್ದೂ ಎಳೆದರೆ ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಪರದೆ ಇರುವ ಕಾರಣ. ಕಿರುಚಿದಂತಿದ್ದರೆ ಸ್ಟ್ಯಾಂಡಿನ ತಪ್ಪಲ್ಲ, ಇಷ್ಟು ದಿನ ಕಿವಿಯಿಂದ ದೂರ ಇದ್ದ ಟ್ವೀಟರ್ ಈಗ ನೇರ ಎದುರಿಗೆ ಬಂದಿದೆ. ಸ್ಪೀಕರುಗಳ ಮುಖವನ್ನು ಐದು ಹತ್ತು ಡಿಗ್ರಿ ಹೊರಕ್ಕೆ ತಿರುಗಿಸಿ.

ಜರ್ ಎನ್ನುವ ಸದ್ದನ್ನು ಹುಡುಕಲು ಮೊಬೈಲಿನಿಂದ 30ರಿಂದ 200 ಹರ್ಟ್ಜ್ ತನಕ ನಿಧಾನ ಏರುವ ಸ್ವರ ನುಡಿಸಿ, ಮಧ್ಯಮ ವಾಲ್ಯೂಮಿನಲ್ಲಿ. ಸದ್ದು ಎದ್ದ ಜಾಗದಲ್ಲಿ ನಿಲ್ಲಿಸಿ ಒಂದೊಂದನ್ನೇ ಕೈಯಿಂದ ಒತ್ತಿ: ಸ್ಟ್ಯಾಂಡಿನ ತೂತಿನ ಮುಚ್ಚಳ, ಲಾಕ್ ನಟ್, ಸ್ಪೀಕರಿನ ಬಟ್ಟೆಯ ಗ್ರಿಲ್, ಬೆನ್ನಿನ ಕೇಬಲ್ ತಿರುಪು. ಇವೆಲ್ಲ ಸರಿಯಿದ್ದರೆ ಶೋಕೇಸಿನ ಗಾಜು, ಗೋಡೆಯ ಫೋಟೋ ಫ್ರೇಮು, ಅಡುಗೆಮನೆಯ ಸ್ಟೀಲ್ ಡಬ್ಬಗಳ ಸಾಲು. ಬಹಳ ಸಲ ಕಳ್ಳ ಸಿಗುವುದು ಅಲ್ಲಿಯೇ. ಕೇಬಲನ್ನು ಪೈಪಿನ ಬೆನ್ನಿಗೆ ಎರಡು ಕಡೆ ಕಟ್ಟಿ, ಸ್ಪೀಕರಿನ ಹತ್ತಿರ ಒಂದು ಗೇಣು ಸಡಿಲ ಬಿಡಿ. ಯಾರಾದರೂ ಎಡವಿದರೆ ಎಳೆತ ಸ್ಪೀಕರಿಗಲ್ಲ, ಸ್ಟ್ಯಾಂಡಿನ ಬುಡಕ್ಕೆ ಬೀಳಲಿ.

ಒಂದು ವಾರ ನುಡಿಸಿದ ಮೇಲೆ ಮರಳು ಕುಸಿದು ಕೂತಿರುತ್ತದೆ. ಸ್ಪೀಕರ್ ಇಳಿಸಿ, ತೂತಿನ ಮುಚ್ಚಳ ತೆಗೆದು ನೋಡಿದರೆ ಮೇಲೆ ಒಂದೆರಡು ಸೆಂ.ಮೀ. ಖಾಲಿ ಕಾಣಬಹುದು. ಅದನ್ನು ತುಂಬಿ, ಮುಚ್ಚಳವನ್ನು ಸಿಲಿಕೋನ್ ಹಚ್ಚಿ ಮುಚ್ಚಿ, ರಸಮಟ್ಟ ಇಟ್ಟು ಕಾಲುಗಳನ್ನು ಇನ್ನೊಮ್ಮೆ ಸರಿಮಾಡಿ, ಲಾಕ್ ನಟ್ಟುಗಳನ್ನು ಮತ್ತೆ ಬಿಗಿಯಿರಿ.